ಶುಗರ್ ಇಳಿಸಲು ನಾನು ಬಸ್ಕಿ ಹೊಡೆದೆ

ನಾನು ಸಣಕಲ. ತೂಕ 61 ಕೆಜಿ. ಹಾಗಾಗಿ 51ನೇ ವಯಸ್ಸಿನಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) 7.6 ಬಂದಾಗ, ಲ್ಯಾಬಿನಲ್ಲಿ ಯಾರದ್ದೋ ರಕ್ತ ಅದಲುಬದಲಾಗಿದೆ ಅಂದುಕೊಂಡೆ. ಮತ್ತೊಮ್ಮೆ ಮಾಡಿಸಿದರೂ ಅಷ್ಟೇ.

ಡಾಕ್ಟರು ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಬರೆದರು, ನಡೆಯಿರಿ ಅಂದರು. ನಡೆಯುವುದಕ್ಕೇನು, ಕುಕ್ಕರಹಳ್ಳಿ ಕೆರೆ ಸುತ್ತುವುದು ನನಗೆ ಹತ್ತು ವರ್ಷದ ಅಭ್ಯಾಸ. ಅದೂ ಮಾತಾಡಿಕೊಂಡು, ನಿಧಾನಕ್ಕೆ. ಮುಗಿದ ಮೇಲೆ ಗೆಳೆಯರ ಜೊತೆ ದೋಸೆ ಬೇರೆ!

ತೆಳ್ಳಗಿದ್ದೂ ಶುಗರ್ ಯಾಕೆ ಅಂತ ಹುಡುಕಿದಾಗ ಪುಣೆಯ ಡಾ. ಯಾಜ್ಞಿಕ್ ಅವರ ಒಂದು ಫೋಟೋ ಸಿಕ್ಕಿತು. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದದ್ದು. ಅವರೂ ಬ್ರಿಟನ್ನಿನ ಇನ್ನೊಬ್ಬ ವೈದ್ಯರೂ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 22.3. ಆದರೆ ಮೈಯಲ್ಲಿನ ಕೊಬ್ಬು ಬ್ರಿಟನ್ನಿನವರಿಗೆ 9.1%, ಯಾಜ್ಞಿಕರಿಗೆ 21.2%. ನಾನು ಕನ್ನಡಿ ಮುಂದೆ ನಿಂತು ನೋಡಿಕೊಂಡೆ. ಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಂಡಗೆ.

ಸ್ನಾಯು ಅಂದರೆ ಸಕ್ಕರೆಯ ಕಣಜ. ಇನ್ಸುಲಿನ್ನನ್ನೂ ಗ್ಲೂಕೋಸನ್ನೂ ರಕ್ತನಾಳಕ್ಕೆ ಹನಿಸಿ ಅಳೆದ ಪ್ರಯೋಗಗಳಲ್ಲಿ, ಗ್ಲೂಕೋಸಿನ ಸುಮಾರು 80% ಹೋಗಿದ್ದು ಸ್ನಾಯುಗಳಿಗೆ. (ಊಟ ಮಾಡಿದಾಗ ಲಿವರ್ ಕೂಡ ಒಳ್ಳೆ ಪಾಲು ತೆಗೆದುಕೊಳ್ಳುತ್ತದೆ.) ನನ್ನ ಕಣಜ ಮೊದಲೇ ಚಿಕ್ಕದು. ಕೂತೇ ಇದ್ದರೆ ಅದು ಖಾಲಿಯಾಗುವುದೂ ಇಲ್ಲ. ಸಾಲದ್ದಕ್ಕೆ ಸ್ನಾಯುವಿನೊಳಗೆ ಸೇರಿದ ಕೊಬ್ಬು, ಸಕ್ಕರೆ ಒಳಗೆ ತಗೋ ಅನ್ನುವ ಇನ್ಸುಲಿನ್ ಮಾತನ್ನು ಕೇಳಗೊಡುವುದಿಲ್ಲ. ಆದರೆ ಸ್ನಾಯು ದುಡಿಯುವಾಗ ಇನ್ಸುಲಿನ್ ಹೇಳದಿದ್ದರೂ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ನನಗೆ ಬೇಕಾಗಿದ್ದು ಇದೇ.

ಮೈಸೂರಲ್ಲಿ ಹುಟ್ಟಿ ಗರಡಿಮನೆ ಮೆಟ್ಟಿಲು ಹತ್ತದವನು ನಾನು. ಹುರುಪಿನಲ್ಲಿ ಮೊದಲ ದಿನವೇ 60 ಬಸ್ಕಿ ಹೊಡೆದೆ. ಮಾರನೇ ದಿನ ಮೆಟ್ಟಿಲು ಇಳಿಯಲಾಗಲಿಲ್ಲ, ಎಡ ಮಂಡಿ ಊದಿ ಮೂರು ವಾರ ಕೂತೆ. ಆಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರು ಕುರ್ಚಿ ಇಟ್ಟು, ಸುಮ್ನೆ ಕೂತು ಏಳಿ ಸಾಕು, ಕೈ ಊರಬೇಡಿ ಅಂದರು. ಹತ್ತರಂತೆ ಮೂರು ಸಲ, ದಿನ ಬಿಟ್ಟು ದಿನ. ಸುಲಭ ಅನಿಸತೊಡಗಿದ ಮೇಲೆ ಐದು ಕೆಜಿ ಅಕ್ಕಿ ಚೀಲ ಎದೆಗೆ ಅಪ್ಪಿಕೊಂಡು. ಆಮೇಲೆ ಹತ್ತು ಕೆಜಿ. ಗೋಡೆಗೆ ಕೈ ಕೊಟ್ಟು ದಂಡ. ತಟ್ಟೆಯಲ್ಲಿ ಅನ್ನ ಒಂದು ಸೌಟು ಕಡಿಮೆ, ಹುರುಳಿಕಾಳೋ ಮೊಟ್ಟೆಯೋ ಜಾಸ್ತಿ.

ಒಂದು ಭಾನುವಾರ ಮೂರು ಇಡ್ಲಿ ತಿಂದು ಪೇಪರ್ ಓದುತ್ತಾ ಕೂತೆ. ಒಂದು ಗಂಟೆಗೆ ಗ್ಲೂಕೋಮೀಟರ್ 209 ತೋರಿಸಿತು. ಮುಂದಿನ ಭಾನುವಾರ ಅದೇ ಮೂರು ಇಡ್ಲಿ, ಅದೇ ಚಟ್ನಿ. ತಿಂದ ಕಾಲು ಗಂಟೆಗೆ ಕುರ್ಚಿಯ ಬಸ್ಕಿ, ಜೊತೆಗೆ ಮೆಟ್ಟಿಲು ಹತ್ತಿ ಇಳಿದೆ. 163. ಸ್ಟ್ರಿಪ್ ಹಾಳಾಗಿದೆಯಾ ಅಂತ ಇನ್ನೊಂದು ಹಾಕಿದೆ. 166. ಒಂದೇ ಸಲ ನೋಡಿದ್ದು, ದೊಡ್ಡ ಪುರಾವೆ ಅಲ್ಲ, ಒಪ್ಪುತ್ತೇನೆ. ಆದರೂ ಅವತ್ತಿನಿಂದ ಬಸ್ಕಿಗೆ ಯಾರೂ ನನ್ನನ್ನು ಎಬ್ಬಿಸಬೇಕಾಗಲಿಲ್ಲ. ನಾನು ತಗೊಳ್ಳುತ್ತಿದ್ದುದು ಮೆಟ್‌ಫಾರ್ಮಿನ್ ಮಾತ್ರ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಇರುವವರಿಗೆ ಶುಗರ್ ತೀರಾ ಇಳಿದುಬಿಡಬಹುದು. ಅಂಥವರು ಡಾಕ್ಟರನ್ನು ಕೇಳಿಯೇ ಶುರುಮಾಡಿ.

ಆರು ತಿಂಗಳಿಗೆ ಎಚ್‌ಬಿಎ1ಸಿ 6.5. ತೂಕ ಇಳಿಯಲಿಲ್ಲ, ಒಂದೂವರೆ ಕೆಜಿ ಏರಿತು! ಪ್ಯಾಂಟು ಮಾತ್ರ ಸೊಂಟದಲ್ಲಿ ಸಡಿಲ, ತೊಡೆಯಲ್ಲಿ ಬಿಗಿ.

ಮಗಳ ಮದುವೆಯ ಗಲಾಟೆಯಲ್ಲಿ ಹನ್ನೆರಡು ದಿನ ಕುರ್ಚಿ ಮುಟ್ಟಲಿಲ್ಲ. ಹೋಳಿಗೆ ಮುಟ್ಟಿದ್ದೆ. ಒಂದು ಸಲ ದುಡಿಸಿದ ಸ್ನಾಯುವಿಗೆ ಅದರ ಗುಣ ಇರುವುದು ಒಂದೆರಡು ದಿನವಷ್ಟೇ. ಬೆಳಗಿನ ಖಾಲಿ ಹೊಟ್ಟೆಯ ಶುಗರ್ 108 ಇದ್ದದ್ದು 137ಕ್ಕೆ ಬಂದಿತ್ತು. ಬೀಗರು ಹೊರಟ ಸಂಜೆಯೇ ಅಕ್ಕಿ ಚೀಲ ಹುಡುಕಿದೆ. ಅದನ್ನು ಅಡುಗೆಯವರು ಚಪ್ಪರದ ಊಟಕ್ಕೆ ಖಾಲಿ ಮಾಡಿದ್ದರು.