ದೂರದ ಅಣು ಪರೀಕ್ಷೆಯನ್ನು ಪತ್ತೆ ಹಚ್ಚುವುದು ಹೇಗೆ?

1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟ ಕಜಾಕಸ್ತಾನದಲ್ಲಿ ತನ್ನ ಮೊದಲ ಅಣುಬಾಂಬನ್ನು ಸಿಡಿಸಿ, ವಿಷಯವನ್ನು ಗುಟ್ಟಾಗಿಟ್ಟಿತು. ಐದೇ ದಿನಗಳಲ್ಲಿ ಜಪಾನ್‌ನಿಂದ ಅಲಾಸ್ಕಾದತ್ತ ಹಾರುತ್ತಿದ್ದ ಅಮೆರಿಕದ ವಿಮಾನವೊಂದರ ಸೋಸುಕಾಗದದಲ್ಲಿ ವಿಕಿರಣಶೀಲ ಕಣಗಳು ಸಿಕ್ಕವು. ಸೆಪ್ಟೆಂಬರ್ 23ರಂದು ಅಧ್ಯಕ್ಷ ಟ್ರೂಮನ್ ಅದನ್ನು ಜಗತ್ತಿಗೆ ತಿಳಿಸಿದರು. ಆದರೆ 1963ರ ಒಪ್ಪಂದವು ವಾತಾವರಣ, ಬಾಹ್ಯಾಕಾಶ ಮತ್ತು ನೀರಿನೊಳಗಿನ ಪರೀಕ್ಷೆಗಳನ್ನು ನಿಷೇಧಿಸಿದ ಮೇಲೆ ಸಹಿ ಹಾಕಿದ ದೇಶಗಳು ನೆಲದಡಿಗೆ ಇಳಿದವು, ಪತ್ತೆಯ ಹೊಣೆ ಭೂಕಂಪ ವಿಜ್ಞಾನಿಗಳ ಹೆಗಲೇರಿತು.

ಮೊದಲ ಕೆಲಸ, ಗದ್ದಲದೊಳಗಿಂದ ಕ್ಷೀಣವಾದ ಕಂಪನವನ್ನು ಹೆಕ್ಕುವುದು. ಗಾಳಿ, ಸಮುದ್ರದ ಅಲೆ, ವಾಹನ ಸಂಚಾರ ಎಲ್ಲವೂ ನೆಲವನ್ನು ಸದಾ ಅಲುಗಿಸುತ್ತಿರುತ್ತವೆ. ಇದಕ್ಕೆಂದೇ 1960ರ ದಶಕದಲ್ಲಿ ಬ್ರಿಟನ್ನಿನ ಸಹಯೋಗದಲ್ಲಿ ನಮ್ಮ ಗೌರಿಬಿದನೂರಿನಲ್ಲಿ ಕಂಪನಮಾಪಕಗಳ ಸಾಲು ಸ್ಥಾಪನೆಯಾಯಿತು. ಇದನ್ನು ನಡೆಸುವುದು ಭಾಭಾ ಅಣು ಸಂಶೋಧನಾ ಕೇಂದ್ರ. ಎಲ್ ಆಕಾರದ ಎರಡು ತೋಳುಗಳಲ್ಲಿ ಹತ್ತಾರು ಕಿಲೋಮೀಟರ್ ಹರಡಿರುವ ಮಾಪಕಗಳಿಗೆ ಒಂದೇ ಅಲೆ ಒಂದೆರಡು ಸೆಕೆಂಡುಗಳ ಅಂತರದಲ್ಲಿ ಬಂದು ತಾಗುತ್ತದೆ. ಆ ಅಂತರವನ್ನು ಸರಿದೂಗಿಸಿ ದಾಖಲೆಗಳನ್ನು ಕೂಡಿಸಿದರೆ ಗದ್ದಲ ಕುಗ್ಗುತ್ತದೆ, ಸಂಕೇತ ಎದ್ದು ಕಾಣುತ್ತದೆ. ಅಲೆ ಯಾವ ದಿಕ್ಕಿನಿಂದ ಬಂತೆಂಬುದೂ ಅದರಿಂದಲೇ ತಿಳಿಯುತ್ತದೆ.

ಆಮೇಲಿನದು ನಿಜಕ್ಕೂ ಕಠಿಣ: ಇದು ಭೂಕಂಪವೋ, ಸ್ಫೋಟವೋ? ಭೂಕಂಪದಲ್ಲಿ ಬಂಡೆಗಳು ಒಂದರ ಮೇಲೊಂದು ಜಾರುವುದರಿಂದ ಮೊದಲ ಅಲೆ ಕೆಲವು ಕೇಂದ್ರಗಳಲ್ಲಿ ನೆಲವನ್ನು ಮೇಲಕ್ಕೆ ನೂಕಿದರೆ, ಇನ್ನು ಕೆಲವೆಡೆ ಕೆಳಕ್ಕೆ ಸೆಳೆಯುತ್ತದೆ. ಸ್ಫೋಟವಾದರೋ ಸುತ್ತಲಿನ ಬಂಡೆಯನ್ನು ಎಲ್ಲ ದಿಕ್ಕಿಗೂ ತಳ್ಳುತ್ತದೆ. ಆದರೆ ಗದ್ದಲದಲ್ಲಿ ಮೊದಲ ಚಲನೆಯೇ ಮುಚ್ಚಿಹೋಗುವುದುಂಟು, ಹಾಗಾಗಿ ವಿಜ್ಞಾನಿಗಳು ಹೆಚ್ಚು ನೆಚ್ಚುವುದು ಇನ್ನೊಂದು ಅಳತೆಯನ್ನು. ಭೂಮಿಯ ಒಳಗಿಂದ ಬರುವ ಅಲೆಯ ಬಲ ಒಂದೇ ಆಗಿದ್ದರೂ, ಮೇಲ್ಮೈಗುಂಟ ನಿಧಾನವಾಗಿ ಬರುವ ಅಲೆ ಸ್ಫೋಟದಲ್ಲಿ ಭೂಕಂಪದಲ್ಲಿರುವುದಕ್ಕಿಂತ ದುರ್ಬಲವಾಗಿರುತ್ತದೆ. ಕಂಪನ ಹುಟ್ಟಿದ ಜಾಗ ಹತ್ತಾರು ಕಿಲೋಮೀಟರ್ ಆಳದಲ್ಲಿದ್ದರಂತೂ ಚರ್ಚೆಯೇ ಬೇಡ, ಅಷ್ಟು ಆಳಕ್ಕೆ ಯಾರೂ ಬಾಂಬನ್ನು ಇಳಿಸಲಾರರು.

ಇಷ್ಟಾದರೂ ಸ್ಫೋಟ ಅಣುವಿನದೇ ಎಂದು ಕಂಪನವೊಂದೇ ಹೇಳಲಾರದು, ಭಾರೀ ಪ್ರಮಾಣದ ರಾಸಾಯನಿಕ ಸ್ಫೋಟವೂ ಇದೇ ರೀತಿ ಕಾಣಬಹುದು. ಕೊನೆಯ ಸಾಕ್ಷ್ಯ, ಅಣು ಸ್ಫೋಟದಲ್ಲಿ ಹುಟ್ಟಿ ಬಂಡೆಯ ಬಿರುಕುಗಳಿಂದ ಸೋರುವ ವಿಕಿರಣಶೀಲ ಕ್ಸೆನಾನ್ ಅನಿಲ. ಅದು ಯಾವುದರೊಂದಿಗೂ ಸುಲಭವಾಗಿ ರಾಸಾಯನಿಕವಾಗಿ ಕೂಡದೆ ಗಾಳಿಯಲ್ಲಿ ದೂರ ತೇಲುತ್ತದೆ. 2006ರ ಅಕ್ಟೋಬರಿನಲ್ಲಿ ಉತ್ತರ ಕೊರಿಯಾ ನಡೆಸಿದ ಪರೀಕ್ಷೆಯ ಕುರುಹು ಸುಮಾರು ಎರಡು ವಾರಗಳ ಬಳಿಕ, ಏಳು ಸಾವಿರ ಕಿಲೋಮೀಟರ್ ಆಚೆ, ಕೆನಡಾದ ಯೆಲ್ಲೋನೈಫ್‌ನಲ್ಲಿ ಸಿಕ್ಕಿತು. ಈ ಅನಿಲದ ಒಂದು ರೂಪವಾದ ಕ್ಸೆನಾನ್-133ರ ಅರ್ಧಾಯುಷ್ಯ (ಅದರ ಅರ್ಧ ಭಾಗ ಕ್ಷಯಿಸಲು ಹಿಡಿಯುವ ಸಮಯ) ಐದು ದಿನಕ್ಕಿಂತ ಸ್ವಲ್ಪವೇ ಹೆಚ್ಚಾದ್ದರಿಂದ, ತಡವಾದಷ್ಟೂ ಈ ಕುರುಹು ಕೈಗೆಟಕುವುದು ಕಷ್ಟ.