ಮೊದಲು ರೂಟ್, ಆಮೇಲೆ ಕಾರು: ಯುರೋಪಿನ ನಾಲ್ಕು ದೇಶ ಸುತ್ತಲು ಬಾಡಿಗೆ ಗಾಡಿ ಹಿಡಿಯುವುದು ಹೇಗೆ?

ಯುರೋಪಿನಲ್ಲಿ ಕಾರು ಬಾಡಿಗೆಗೆ ಬೇಕು ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ವೆಬ್‌ಸೈಟ್ ತೆರೆದು ಯಾವ ಗಾಡಿ ಅಗ್ಗ ಎಂದು ನೋಡಲು ಕೂರುತ್ತಾರೆ. ಅದು ಆಮೇಲಿನ ಕೆಲಸ. ಮೊದಲು ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ: ಕಾರು ಯಾವ ದೇಶದಲ್ಲಿ ತೆಗೆದುಕೊಳ್ಳುತ್ತೀರಿ, ಯಾವ್ಯಾವ ಗಡಿ ದಾಟುತ್ತೀರಿ, ವಾಪಸ್ ಎಲ್ಲಿ ಕೊಡುತ್ತೀರಿ. ಬಾಡಿಗೆ, ವಿಮೆ, ಟೋಲ್, ವೀಸಾ ಎಲ್ಲಾ ಇದರ ಮೇಲೆಯೇ ನಿಂತಿರುತ್ತದೆ. ಇಲ್ಲಿ ಎಡವಿದರೆ ಅಗ್ಗದ ಗಾಡಿಯೇ ದುಬಾರಿಯಾಗುತ್ತದೆ.

ಮಾತು ಸ್ಪಷ್ಟವಾಗಲಿ ಅಂತ ಒಂದು ರೂಟ್ ಇಟ್ಟುಕೊಳ್ಳೋಣ. ಮ್ಯೂನಿಕ್‌ನಿಂದ ಹೊರಟು ಸಾಲ್ಜ್‌ಬರ್ಗ್, ಅಲ್ಲಿಂದ ಸ್ಲೊವೇನಿಯಾದ ಬ್ಲೆಡ್ ಸರೋವರ, ಲುಬ್ಲಿಯಾನಾ, ಆಮೇಲೆ ವೆನಿಸ್, ಡಾಲಮೈಟ್ ಬೆಟ್ಟಗಳ ಪಕ್ಕದ ಬೊಲ್ಜಾನೊ, ಬ್ರೆನ್ನರ್ ಪಾಸ್ ದಾಟಿ ಇನ್ಸ್‌ಬ್ರುಕ್, ಮತ್ತೆ ಮ್ಯೂನಿಕ್. ಜರ್ಮನಿ, ಆಸ್ಟ್ರಿಯಾ, ಸ್ಲೊವೇನಿಯಾ, ಇಟಲಿ ಹೀಗೆ ನಾಲ್ಕು ದೇಶ. ಸುಮಾರು 1,200 ಕಿಲೋಮೀಟರ್. ನಾಲ್ಕೂ ಕಡೆ ಯೂರೋ ನಡೆಯುತ್ತದೆ, ಒಂದೇ ಷೆಂಗೆನ್ ವೀಸಾ ಸಾಕು (ಒಳಗಿನ ಗಡಿಗಳನ್ನು ತೆರೆದಿಟ್ಟ ಯುರೋಪಿನ ದೇಶಗಳ ಕೂಟವೇ ಷೆಂಗೆನ್). ಹತ್ತು ದಿನ ಕೊಟ್ಟರೆ ಆರಾಮಾಗಿ ಮುಗಿಯುತ್ತದೆ.

ಹೀಗೆ ಹೊರಟಲ್ಲಿಗೇ ಬಂದು ಸೇರುವ ರೂಟ್ ಯಾಕೆ ಅಂತೀರಾ? ವೆನಿಸ್‌ನಲ್ಲೇ ಕಾರು ಬಿಟ್ಟು ವಿಮಾನ ಹತ್ತಿದರೆ, ಜರ್ಮನಿಯ ನಂಬರ್ ಪ್ಲೇಟ್ ಇರುವ ಆ ಗಾಡಿಯನ್ನು ಕಂಪನಿಯವರು ಮತ್ತೆ ಜರ್ಮನಿಗೆ ತರಿಸಬೇಕು. ಆ ಖರ್ಚೆಲ್ಲಾ ‘ಒನ್ ವೇ ಫೀ’ ಎಂಬ ಹೆಸರಿನಲ್ಲಿ ನಿಮ್ಮ ಬಿಲ್ಲಿಗೆ ಸೇರುತ್ತದೆ. ದೇಶ ಬದಲಾದಾಗ ಇದು ಕೆಲವೊಮ್ಮೆ ಬಾಡಿಗೆಗಿಂತಲೂ ಜಾಸ್ತಿ. ಒಂದೇ ದೇಶದೊಳಗೆ ಬೇರೆ ಊರಿನಲ್ಲಿ ಬಿಟ್ಟರೆ ಅಷ್ಟು ಹೊರೆ ಇರುವುದಿಲ್ಲ.

ಗಡಿ ದಾಟಲು ಒಪ್ಪಿಗೆ ಬೇಕು

ಷೆಂಗೆನ್ ಒಳಗೆ ನಿಮಗೆ ಗಡಿ ಇಲ್ಲದಿರಬಹುದು, ಬಾಡಿಗೆ ಕಾರಿಗೆ ಇದೆ. ಯಾವ ದೇಶಕ್ಕೆ ಗಾಡಿ ಒಯ್ಯಬಹುದು ಎಂಬುದನ್ನು ಪ್ರತಿ ಕಂಪನಿಯೂ ತನ್ನ ಷರತ್ತುಗಳಲ್ಲಿ ಬರೆದಿರುತ್ತದೆ. ಜರ್ಮನಿಯಿಂದ ಆಸ್ಟ್ರಿಯಾಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಸ್ಲೊವೇನಿಯಾ, ಕ್ರೊಯೇಷಿಯಾ ಕಡೆಗೆ ಕೆಲವರು ಹೆಚ್ಚುವರಿ ಶುಲ್ಕ ಕೇಳುತ್ತಾರೆ. ಬಿಎಂಡಬ್ಲ್ಯು, ಆಡಿ, ಮರ್ಸಿಡಿಸ್‌ನಂಥ ಗಾಡಿಗಳನ್ನು ಇಟಲಿಗೆ ಒಯ್ಯಬಾರದು ಎಂಬ ನಿಯಮವೂ ಕೆಲವು ಕಡೆ ಇರುತ್ತದೆ, ಕಳ್ಳತನದ ಭಯ. ಬೋಸ್ನಿಯಾ, ಅಲ್ಬೇನಿಯಾ ಅಂದರೆ ಇನ್ನೂ ಬಿಗಿ. ಹೇಳದೆ ಕೇಳದೆ ಹೋದರೆ ವಿಮೆ ಅಲ್ಲಿಗೇ ಬಿದ್ದುಹೋಗುತ್ತದೆ, ಅಪಘಾತವಾದರೆ ಪೂರ್ತಿ ಖರ್ಚು ನಿಮ್ಮ ತಲೆಗೆ. ಆದ್ದರಿಂದ ಹೋಗುವ ಎಲ್ಲಾ ದೇಶಗಳ ಹೆಸರನ್ನೂ ಕರಾರಿನಲ್ಲೇ ಬರೆಸಿ. ಕೌಂಟರಿನವರು ಬಾಯಲ್ಲಿ ‘ಪರವಾಗಿಲ್ಲ’ ಅಂದದ್ದು ಲೆಕ್ಕಕ್ಕಿಲ್ಲ.

ರೂಟನ್ನು ಕ್ರೊಯೇಷಿಯಾದ ಡುಬ್ರೊವ್ನಿಕ್‌ವರೆಗೆ ಎಳೆಯುವ ಆಸೆ ಇದ್ದವರಿಗೆ ಒಂದು ಮಾತು. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಒಳಗಿದೆ. ಆದರೆ ಕರಾವಳಿಯ ಹಳೇ ರಸ್ತೆ ನಡುವೆ ನೆಉಮ್ ಎಂಬ ಊರಿನ ಮೂಲಕ ಬೋಸ್ನಿಯಾಕ್ಕೆ ಹೊಕ್ಕು ಹೊರಬರುತ್ತದೆ. ಸಿಂಗಲ್ ಎಂಟ್ರಿ ವೀಸಾ ಇದ್ದವರು ಅಲ್ಲಿ ಹೊಕ್ಕರೆ ಷೆಂಗೆನ್‌ನಿಂದ ಹೊರಗೆ ಹೋದಂತೆ, ಮತ್ತೆ ಒಳಗೆ ಬರಲು ಎಂಟ್ರಿ ಉಳಿದಿರುವುದಿಲ್ಲ. 2022ರ ಜುಲೈನಲ್ಲಿ ತೆರೆದ ಪೆಲ್ಯೆಶಾಟ್ಸ್ ಸೇತುವೆ ಮೇಲೆ ಹೋದರೆ ಈ ತಾಪತ್ರಯವೇ ಇಲ್ಲ. ಮ್ಯಾಪ್ ಯಾವ ದಾರಿ ತೋರಿಸುತ್ತಿದೆ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ.

ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಟ್ಟು ಗಡಿ ದಾಟಬೇಡಿ. ಜರ್ಮನಿ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲಾ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಆಸ್ಟ್ರಿಯಾದಿಂದ ಮ್ಯೂನಿಕ್ ಕಡೆ ಬರುವಾಗ ಗಾಡಿ ನಿಲ್ಲಿಸಿ ಕೇಳಬಹುದು, ವಾರಾಂತ್ಯದಲ್ಲಿ ಉದ್ದ ಕ್ಯೂ ಕೂಡ ಇರಬಹುದು. ವಿಮಾನದ ದಿನ ಇದಕ್ಕೆ ಸಮಯ ಇಟ್ಟುಕೊಳ್ಳಿ.

ಕಾಗದ ಪತ್ರ

ನಮ್ಮ ಡಿಎಲ್ ಜೊತೆಗೆ ಐಡಿಪಿ, ಅಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಡಿಎಲ್ ಇಂಗ್ಲಿಷಿನಲ್ಲೇ ಇದೆಯಲ್ಲ ಅಂತ ಇದನ್ನು ಬಿಡಬೇಡಿ. ಸಾರಥಿ ಪೋರ್ಟಲ್‌ನಲ್ಲಿ ಫಾರ್ಮ್ 4ಎ ತುಂಬಿ ನಿಮ್ಮ ಆರ್‌ಟಿಒದಲ್ಲಿ ಪಡೆಯಬಹುದು. ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಪಾಸ್‌ಪೋರ್ಟ್ ಪ್ರತಿಯಂಥ ಕಾಗದ ಕೊಡಬೇಕಾಗುವುದರಿಂದ ಹೊರಡುವ ಮೊದಲು ಎರಡು ವಾರವಾದರೂ ಕೈಯಲ್ಲಿರಲಿ. ಐಡಿಪಿ ಒಂದೇ ಒಯ್ದರೆ ಪ್ರಯೋಜನವಿಲ್ಲ, ಮೂಲ ಡಿಎಲ್ ಕಾರ್ಡೂ ಜೊತೆಗಿರಬೇಕು. ಡಿಜಿಲಾಕರ್ ಪ್ರತಿಯನ್ನು ಅಲ್ಲಿನ ಕೌಂಟರಿನಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ಮಗನೋ ಮಗಳೋ ಜರ್ಮನಿಯಲ್ಲೇ ಇದ್ದಾರೆ, ಅವರೇ ಓಡಿಸುತ್ತಾರೆ ಅನ್ನುವ ಕುಟುಂಬಗಳು ಈಗ ಬಹಳ. ಅವರ ಬಳಿ ಜರ್ಮನ್ ಲೈಸೆನ್ಸ್ ಇದೆಯೇ ಎಂದು ಕೇಳಿ. ಅಲ್ಲಿ ವಾಸಕ್ಕೆ ಬಂದವರು ಭಾರತದ ಲೈಸೆನ್ಸ್ ಮೇಲೆ ಆರು ತಿಂಗಳು ಮಾತ್ರ ಓಡಿಸಬಹುದು. ಆಮೇಲೆ ಓಡಿಸಿದರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದಂತೆಯೇ. ಪ್ರವಾಸಕ್ಕೆ ಹೋದ ಅಪ್ಪ ಓಡಿಸಬಹುದು, ಅಲ್ಲೇ ಎರಡು ವರ್ಷದಿಂದಿರುವ ಮಗ ಓಡಿಸುವಂತಿಲ್ಲ ಎಂಬ ಪರಿಸ್ಥಿತಿ ನಿಜವಾಗಿಯೂ ಬರುತ್ತದೆ. ಸ್ಟೇರಿಂಗ್ ಹಿಡಿಯುವ ಎಲ್ಲರ ಹೆಸರೂ ಕರಾರಿನಲ್ಲಿರಬೇಕು. 25 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಹೆಚ್ಚುವರಿ ಶುಲ್ಕ ಇರುತ್ತದೆ.

ಇನ್ನು ಕಾರ್ಡ್. ಮುಖ್ಯ ಚಾಲಕರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ಡೆಬಿಟ್ ಕಾರ್ಡ್ ಬಹಳ ಕಡೆ ಒಪ್ಪುವುದಿಲ್ಲ. ಹೆಂಡತಿ ಓಡಿಸುವುದು, ಕಾರ್ಡ್ ಗಂಡನದು ಅಂದರೆ ಗಾಡಿ ಕೊಡದೇ ಕಳಿಸಬಹುದು. ಡೆಪಾಸಿಟ್ ಅಂತ ಒಂದಷ್ಟು ಮೊತ್ತವನ್ನು ಅದರಲ್ಲಿ ಬ್ಲಾಕ್ ಮಾಡುತ್ತಾರೆ, ಅಷ್ಟು ಲಿಮಿಟ್ ಖಾಲಿ ಇರಲಿ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ನಮ್ಮ ಕಾರ್ಡುಗಳಲ್ಲಿ ವಿದೇಶಿ ವಹಿವಾಟನ್ನು ನಾವೇ ಆನ್ ಮಾಡಿಕೊಳ್ಳಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಮನೆಯಿಂದ ಹೊರಡುವ ಮುಂಚೆಯೇ ಈ ಕೆಲಸ ಮುಗಿಸಿ.

ಈಗ ಗಾಡಿ

ಯುರೋಪಿನಲ್ಲಿ ಅಗ್ಗಕ್ಕೆ ಕಾಣುವ ಗಾಡಿಗಳು ಹೆಚ್ಚಾಗಿ ಗೇರಿನವು. ಆಟೊಮ್ಯಾಟಿಕ್‌ಗೆ ದುಡ್ಡು ಜಾಸ್ತಿ, ಸಂಖ್ಯೆ ಕಮ್ಮಿ. ಆದರೂ ಆಟೊಮ್ಯಾಟಿಕ್ಕೇ ತೆಗೆದುಕೊಳ್ಳಿ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಸ್ಟೇರಿಂಗ್ ಎಡಗಡೆ, ರಸ್ತೆಯ ಬಲಗಡೆ ಓಡಿಸಬೇಕು, ಅದರ ಮೇಲೆ ಬಲಗೈಯಲ್ಲಿ ಗೇರ್ ಹಾಕುವ ಕಷ್ಟ ಬೇರೆ ಯಾಕೆ? ಆ ಗಮನವೆಲ್ಲಾ ರಸ್ತೆ ಮೇಲಿರಲಿ. ಬೇಸಿಗೆಯಲ್ಲಿ ಹೋಗುವವರು ಇದನ್ನು ತಿಂಗಳುಗಳ ಮೊದಲೇ ಬುಕ್ ಮಾಡಿ.

ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್ ಇದ್ದರೆ ಚಿಕ್ಕ ಗಾಡಿಯ ಡಿಕ್ಕಿಯಲ್ಲಿ ಹಿಡಿಯುವುದಿಲ್ಲ. ಹಾಗಂತ ದೊಡ್ಡ ಎಸ್‌ಯುವಿ ಬೇಡ, ಹಳೇ ಊರುಗಳ ಓಣಿ, ಪಾರ್ಕಿಂಗ್ ಎಲ್ಲಾ ಇಕ್ಕಟ್ಟು. ಎಸ್ಟೇಟ್ ಮಾದರಿ, ಅಂದರೆ ಹಿಂದೆ ಉದ್ದ ಡಿಕ್ಕಿ ಇರುವ ಕಾರು, ಸರಿಹೊಂದುತ್ತದೆ. ಮಕ್ಕಳಿದ್ದರೆ ಸೀಟು ಕಡ್ಡಾಯ. ಜರ್ಮನಿ, ಇಟಲಿಯಲ್ಲಿ 150 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಬೂಸ್ಟರ್ ಸೀಟಾದರೂ ಬೇಕು.

ವಿಮೆಯ ವಿಷಯಕ್ಕೆ ಬಂದರೆ, ಬಾಡಿಗೆಯಲ್ಲಿ ಸಿಡಿಡಬ್ಲ್ಯು (ಗಾಡಿಗೆ ಆದ ಹಾನಿಯಲ್ಲಿ ನಿಮ್ಮ ಹೊರೆ ಇಳಿಸುವ ರಕ್ಷಣೆ) ಸೇರಿದೆ ಅಂದಮಾತ್ರಕ್ಕೆ ಪೂರ್ತಿ ರಕ್ಷಣೆ ಸಿಕ್ಕಿತು ಅಂದುಕೊಳ್ಳಬೇಡಿ. ಗಾಡಿಗೆ ಪೆಟ್ಟಾದರೆ ಮೊದಲ ಒಂದಿಷ್ಟು ಮೊತ್ತ ನಿಮ್ಮದೇ, ಅದಕ್ಕೆ ‘ಎಕ್ಸೆಸ್’ ಅನ್ನುತ್ತಾರೆ. ಅದು ಸಾವಿರ ಯೂರೋ ಮೇಲೆ ಇರುವುದು ಮಾಮೂಲು. ಟೈರ್, ಗಾಜು, ಗಾಡಿಯ ತಳಭಾಗ ಎಷ್ಟೋ ಸಲ ಇದರ ಹೊರಗೇ ಉಳಿಯುತ್ತವೆ. ಮೊದಲ ಸಲ ಬಲಗಡೆ ಓಡಿಸುವವರು ಎಕ್ಸೆಸ್ ಸೊನ್ನೆಯಾಗುವ ಪ್ಲಾನ್ ತೆಗೆದುಕೊಳ್ಳುವುದೇ ಒಳ್ಳೆಯದು. ಹೊರಗಿನ ಕಂಪನಿಯ ಅಗ್ಗದ ಎಕ್ಸೆಸ್ ಪಾಲಿಸಿಗಳೂ ಇವೆ, ಆದರೆ ಅಲ್ಲಿ ಮೊದಲು ನೀವು ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು. ಭಾರತದಲ್ಲಿರುವವರಿಗೆ ಅದು ಅನ್ವಯಿಸುತ್ತದೆಯೇ ಎಂದೂ ಓದಿ ನೋಡಿ.

ಗಾಡಿ ಕೈಗೆ ಬಂದಾಗ

ವಿಮಾನ ಇಳಿದ ದಿನವೇ ಓಡಿಸಬೇಡಿ. ಒಂದು ರಾತ್ರಿ ಮ್ಯೂನಿಕ್‌ನಲ್ಲಿ ಮಲಗಿ ಬೆಳಗ್ಗೆ ಗಾಡಿ ತೆಗೆದುಕೊಳ್ಳಿ. ಕೀ ಸಿಕ್ಕ ಮೇಲೆ ಗಾಡಿ ಸುತ್ತ ಒಂದು ಸುತ್ತು ಹಾಕಿ ವಿಡಿಯೋ ಮಾಡಿ. ನಾಲ್ಕೂ ಚಕ್ರದ ರಿಮ್, ಬಂಪರಿನ ಕೆಳಗಿನ ಅಂಚು, ಮುಂದಿನ ಗಾಜು ಇವುಗಳ ಹತ್ತಿರ ಹೋಗಿ ನಿಧಾನವಾಗಿ ತೆಗೆಯಿರಿ, ಗೀರು ಇರುವುದು ಅಲ್ಲೇ. ಮೀಟರ್, ಪೆಟ್ರೋಲ್ ಮುಳ್ಳಿನ ಫೋಟೋ ಇರಲಿ. ಕಂಡ ಗೀರುಗಳೆಲ್ಲಾ ಅವರ ಹಾಳೆಯಲ್ಲಿ ನಮೂದಾಗುವವರೆಗೆ ಅಲ್ಲಿಂದ ಕದಲಬೇಡಿ. ಡಿಕ್ಕಿಯಲ್ಲಿ ಗಾಡಿ ಕೆಟ್ಟು ನಿಂತಾಗ ರಸ್ತೆ ಮೇಲಿಡುವ ಎಚ್ಚರಿಕೆಯ ತ್ರಿಕೋನ, ಹೊಳೆಯುವ ಜಾಕೆಟ್ ಇದೆಯೇ ನೋಡಿ. ಚಳಿಗಾಲವಾದರೆ ವಿಂಟರ್ ಟೈರ್ ಇದೆಯೇ ಎಂದೂ ಕೇಳಿ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ ಇದ್ದರೆ ಅದು ಕಡ್ಡಾಯ.

ಟೋಲ್ ಒಂದೊಂದು ದೇಶದಲ್ಲಿ ಒಂದೊಂದು ಥರ. ಜರ್ಮನಿಯ ಹೆದ್ದಾರಿಯಾದ ಆಟೊಬಾನ್‌ನಲ್ಲಿ ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯಾ, ಸ್ಲೊವೇನಿಯಾದ ಹೆದ್ದಾರಿಗಳಿಗೆ ‘ವಿನ್ಯೆಟ್’ ಬೇಕು, ಅಂದರೆ ಇಂತಿಷ್ಟು ದಿನಕ್ಕೆ ಅಂತ ಮೊದಲೇ ಕಟ್ಟುವ ರಸ್ತೆ ಶುಲ್ಕ. ಡಿಜಿಟಲ್ ವಿನ್ಯೆಟ್ ನಂಬರ್ ಪ್ಲೇಟಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಗಾಡಿ ಸಿಕ್ಕ ಮೇಲೆ, ಗಡಿ ದಾಟುವ ಮೊದಲು, ಸರ್ಕಾರಿ ತಾಣದಲ್ಲೇ ಕೊಳ್ಳಿ. ಆಸ್ಟ್ರಿಯಾದಲ್ಲಿ ಅದು ಆಸ್ಫಿನಾಗ್. ನೋಡಲು ಅದೇ ಥರ ಇರುವ ಬೇರೆ ತಾಣಗಳು ಸುಮ್ನೆ ಹೆಚ್ಚು ಹಣ ಕೀಳುತ್ತವೆ. ವಿನ್ಯೆಟ್ ಇದ್ದರೂ ನಮ್ಮ ರೂಟಿನ ಟೌವರ್ನ್ ಸುರಂಗ, ಸ್ಲೊವೇನಿಯಾಕ್ಕೆ ದಾಟಿಸುವ ಕಾರವಾಂಕನ್ ಸುರಂಗ, ಬ್ರೆನ್ನರ್ ಹೆದ್ದಾರಿಗಳಿಗೆ ಬೇರೆ ಟೋಲ್ ಕಟ್ಟಬೇಕು.

ಇಟಲಿಯದ್ದು ಟಿಕೆಟ್ ಪದ್ಧತಿ. ಹೆದ್ದಾರಿಗೆ ಹೊಕ್ಕುವಾಗ ಯಂತ್ರದ ಬಟನ್ ಒತ್ತಿ ಟಿಕೆಟ್ ತೆಗೆದುಕೊಳ್ಳಬೇಕು, ಹೊರಬರುವಾಗ ಅದನ್ನು ತೂರಿಸಿ ದುಡ್ಡು ಕಟ್ಟಬೇಕು. ಟಿಕೆಟ್ ಕಳೆದರೆ ಅತಿ ದೂರದ ಗೇಟಿನಿಂದ ಬಂದಿರಿ ಎಂದು ಲೆಕ್ಕ ಹಾಕುತ್ತಾರೆ, ಅದನ್ನು ಯಾರಾದರೂ ಒಬ್ಬರು ಜೋಪಾನ ಮಾಡಲಿ. ಗೇಟಿನಲ್ಲಿ ಬರೀ ಹಳದಿ ‘ಟೆಲಿಪಾಸ್’ ಬೋರ್ಡ್ ಇರುವ ಲೇನಿಗೆ ಹೋಗಬೇಡಿ, ಅದು ನಮ್ಮ ಫಾಸ್ಟ್ಯಾಗ್ ಇದ್ದಂತೆ, ಯಂತ್ರ ಇರುವ ಗಾಡಿಗಳಿಗೆ ಮಾತ್ರ. ತಪ್ಪಿ ಹೊಕ್ಕರೆ ರಿವರ್ಸ್ ತೆಗೆಯಲೇಬೇಡಿ, ಸಹಾಯದ ಬಟನ್ ಒತ್ತಿ.

ಈ ರೂಟಿಗೆ ಸ್ವಿಟ್ಜರ್ಲೆಂಡ್ ಸೇರಿಸುವವರಿಗೆ: ಅಲ್ಲಿ ವಿನ್ಯೆಟ್ ಒಂದೇ ದರ, 40 ಫ್ರಾಂಕ್, ಒಂದು ದಿನಕ್ಕೂ ಅಷ್ಟೇ ವರ್ಷಕ್ಕೂ ಅಷ್ಟೇ. ಸ್ವಿಸ್ ಬಾಡಿಗೆ ಗಾಡಿಯಲ್ಲಿ ಅದು ಮೊದಲೇ ಇರುತ್ತದೆ. ಜಿನೀವಾ ವಿಮಾನ ನಿಲ್ದಾಣದಲ್ಲಿ ಸ್ವಿಸ್ ಭಾಗ, ಫ್ರೆಂಚ್ ಭಾಗ ಎಂದು ಎರಡಿವೆ. ಫ್ರೆಂಚ್ ಭಾಗದಲ್ಲಿ ಗಾಡಿ ಅಗ್ಗಕ್ಕೆ ಸಿಕ್ಕರೂ ವಿನ್ಯೆಟ್ ಇದೆಯೇ ಎಂದು ಕೇಳಿಯೇ ಹೊರಡಿ.

ಇಟಲಿಯ ಊರೊಳಗೆ ಹುಷಾರು

ಇಡೀ ಪ್ರವಾಸದಲ್ಲಿ ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಇಟಲಿಯ ಹಳೇ ಊರುಗಳ ನಡುಭಾಗಕ್ಕೆ ಹೊರಗಿನ ಗಾಡಿಗಳು ಹೋಗುವಂತಿಲ್ಲ. ಇದಕ್ಕೆ ಜೆಡ್‌ಟಿಎಲ್ ಅನ್ನುತ್ತಾರೆ. ಬಿಳಿ ಬೋರ್ಡಿನ ಮೇಲೆ ಕೆಂಪು ಉಂಗುರ, ಕೆಳಗೆ ಸಮಯ ಬರೆದಿರುತ್ತಾರೆ, ಪಕ್ಕದಲ್ಲಿ ಕ್ಯಾಮೆರಾ. ಅಡ್ಡಗಟ್ಟಲು ಪೊಲೀಸರೂ ಇಲ್ಲ, ಗೇಟೂ ಇಲ್ಲ, ಜಿಪಿಎಸ್ ಹೇಳಿತು ಅಂತ ತಿರುಗಿಸಿದರೆ ಮುಗಿಯಿತು. ಒಂದೇ ಬೀದಿಯಲ್ಲಿ ಎರಡು ಸಲ ಹಾದರೆ ಎರಡು ದಂಡ ಬರಬಹುದು. ಬಾಡಿಗೆ ಕಂಪನಿ ಪೊಲೀಸರಿಗೆ ನಿಮ್ಮ ವಿಳಾಸ ಕೊಟ್ಟಿದ್ದಕ್ಕೇ ಕಾರ್ಡಿನಿಂದ ಶುಲ್ಕ ಹಿಡಿಯುತ್ತದೆ, ದಂಡದ ನೋಟಿಸ್ ಬೇರೆ ಬರುತ್ತದೆ. ಹೋಟೆಲ್ ಈ ವಲಯದೊಳಗೇ ಇದ್ದರೆ ಮೊದಲೇ ಇಮೇಲ್ ಮಾಡಿ ನಂಬರ್ ನೋಂದಾಯಿಸಲು ಕೇಳಿ. ಇಲ್ಲವಾದರೆ ಹೊರಗೆ ನಿಲ್ಲಿಸಿ ನಡೆಯಿರಿ. ಪಾರ್ಕಿಂಗ್‌ನಲ್ಲಿ ಬಿಳಿ ಗೆರೆ ಉಚಿತ, ನೀಲಿಗೆ ದುಡ್ಡು, ಹಳದಿ ನಮಗಲ್ಲ. ವೆನಿಸ್‌ನೊಳಗಂತೂ ಕಾರು ಓಡುವುದೇ ಇಲ್ಲ. ಪಕ್ಕದ ಮೆಸ್ತ್ರೆಯಲ್ಲಿ ನಿಲ್ಲಿಸಿ ಹತ್ತು ನಿಮಿಷ ರೈಲಿನಲ್ಲಿ ಹೋಗಿ.

ಓಡಿಸುವಾಗ ನೆನಪಿಡಬೇಕಾದದ್ದು ಮುಖ್ಯವಾಗಿ ಮೂರು. ಬೋರ್ಡಾಗಲಿ ಸಿಗ್ನಲ್ಲಾಗಲಿ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಸರ್ಕಲ್‌ನಲ್ಲಿ ಒಳಗಿರುವವರಿಗೆ ದಾರಿ ಬಿಟ್ಟು ಬಲಕ್ಕೆ ತಿರುಗಿ ಸೇರಬೇಕು. ಹೆದ್ದಾರಿಯ ಎಡ ಲೇನ್ ಓವರ್‌ಟೇಕ್‌ಗೆ ಮಾತ್ರ, ಆಟೊಬಾನ್‌ನಲ್ಲಿ ಹಿಂದಿನಿಂದ ಬರುವ ಗಾಡಿ ಕ್ಷಣದಲ್ಲಿ ನಿಮ್ಮ ಬೆನ್ನಿಗೆ ಬಂದಿರುತ್ತದೆ.

ಬಂಕಿನಲ್ಲಿ ಹೆಸರು ನೋಡಿ ಹಾಕಬೇಡಿ. ಇಟಲಿಯಲ್ಲಿ ‘ಗಸೋಲಿಯೊ’ ಅಂದರೆ ಡೀಸೆಲ್. ಯುರೋಪಿನ ಪಂಪುಗಳಲ್ಲಿ 2018ರಿಂದ ಒಂದೇ ಗುರುತು ಇದೆ: ವೃತ್ತದೊಳಗೆ ಇ5, ಇ10 ಅಂದರೆ ಪೆಟ್ರೋಲ್, ಚೌಕದೊಳಗೆ ಬಿ7 ಅಂದರೆ ಡೀಸೆಲ್. ಟ್ಯಾಂಕಿನ ಮುಚ್ಚಳದ ಒಳಗೂ ಅದೇ ಗುರುತು ಇರುತ್ತದೆ, ಎರಡನ್ನೂ ಹೋಲಿಸಿ ಹಾಕಿ.

ವಾಪಸ್ ಕೊಡುವ ದಿನ ಹತ್ತಿರದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಬಾಡಿಗೆ ದಿನ ಅಂದರೆ ಗಾಡಿ ಪಡೆದ ಗಂಟೆಯಿಂದ 24 ಗಂಟೆ, ತಡವಾದರೆ ಇನ್ನೊಂದು ದಿನದ ಲೆಕ್ಕ. ಊರೊಳಗಿನ ಕಚೇರಿಗಳು ಭಾನುವಾರ ಮುಚ್ಚಿರಬಹುದು. ಸಿಬ್ಬಂದಿ ಎದುರಿಗೇ ಗಾಡಿ ತೋರಿಸಿ, ಹಾನಿ ಇಲ್ಲ ಎಂದು ಬರೆಸಿಕೊಂಡು, ಮತ್ತೊಮ್ಮೆ ವಿಡಿಯೋ ತೆಗೆಯಿರಿ. ಡೆಪಾಸಿಟ್ ಬ್ಲಾಕ್ ಬಿಡುಗಡೆಯಾಗಲು ಕೆಲವು ವಾರ ಹಿಡಿಯಬಹುದು. ಇಟಲಿಯ ದಂಡದ ನೋಟಿಸ್ ಹೊರದೇಶದವರಿಗೆ 360 ದಿನಗಳವರೆಗೂ ಬರಬಹುದು, ಬಂದ ಮೇಲೆ ಐದು ದಿನದೊಳಗೆ ಕಟ್ಟಿದರೆ ಸಾಮಾನ್ಯವಾಗಿ 30% ಕಡಿತ ಸಿಗುತ್ತದೆ. ಆದ್ದರಿಂದ ಕರಾರು, ರಸೀದಿ, ವಿಡಿಯೋ ಯಾವುದನ್ನೂ ಒಂದು ವರ್ಷ ದಾಟುವವರೆಗೆ ಅಳಿಸಬೇಡಿ.