ಬೇರೆ ರಾಜ್ಯಕ್ಕೆ ಮನೆ ಎತ್ತುವ ಮುಂಚೆ: ಮೊದಲು ಮಕ್ಕಳ ಕ್ಲಾಸು, ಆಮೇಲೆ ಊರು

ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿದೆ, ಹೋಗಬೇಕಾ ಬೇಡವಾ ಅಂತ ಕೇಳಲು ಬರುವವರು ಸಾಮಾನ್ಯವಾಗಿ ಎರಡು ಅಂಕಿ ಹಿಡಿದುಕೊಂಡು ಬರುತ್ತಾರೆ: ಇಲ್ಲಿಯ ಸಂಬಳ, ಅಲ್ಲಿಯ ಸಂಬಳ. ನಾನು ಮೊದಲು ಕೇಳುವುದು ಬೇರೆ. "ಮಗಳು ಎಷ್ಟನೇ ಕ್ಲಾಸು?"

ನಾನು ಸರ್ಕಾರಿ ಬ್ಯಾಂಕೊಂದರಲ್ಲಿ ಅಧಿಕಾರಿ, ಊರು ಧಾರವಾಡ. ವರ್ಗಾವಣೆ ನಮ್ಮ ನೌಕರಿಯ ಬೆನ್ನಿಗೇ ಬಂದದ್ದು. ಸೊಲ್ಲಾಪುರ, ಕೊಯಮತ್ತೂರು, ಹೈದರಾಬಾದ್, ಈಗ ಪುಣೆ ಅಂತ ಮಕ್ಕಳನ್ನೂ ಅತ್ತೆಯವರನ್ನೂ ಕರೆದುಕೊಂಡು ತಿರುಗಿದ್ದೇನೆ. ನಮಗೆ ಆರ್ಡರ್ ಬಂದರೆ ಹೊರಡಬೇಕು, ಅಷ್ಟೇ. ಖಾಸಗಿ ಕಂಪನಿಯವರಿಗೆ ಹಾಗಲ್ಲ, ಹೋಗುವುದೂ ಬಿಡುವುದೂ ಬಹಳ ಸಲ ಅವರ ಕೈಯಲ್ಲೇ ಇರುತ್ತದೆ. ಆ ಆಯ್ಕೆ ಇರುವವರು ಅದನ್ನು ಪೋಲು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನೋಟ್‌ಬುಕ್ಕಿನ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಮೇಲಿಂದ ಕೆಳಗೆ ಇಸವಿ ಬರೆಯಿರಿ: 2026-27, 2027-28, ಹೀಗೆ ಹತ್ತು ಸಾಲು. ಮನೆಯ ಒಬ್ಬೊಬ್ಬರಿಗೂ ಒಂದೊಂದು ಕಾಲಂ. ಮಕ್ಕಳ ಕಾಲಂನಲ್ಲಿ ಆ ವರ್ಷದ ತರಗತಿ, ಹಿರಿಯರ ಕಾಲಂನಲ್ಲಿ ವಯಸ್ಸು, ನಿಮ್ಮಿಬ್ಬರ ಕಾಲಂನಲ್ಲಿ ಬಡ್ತಿ, ಸಾಲ ಮುಗಿಯುವ ವರ್ಷ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಇನ್ನೊಬ್ಬರ ನೌಕರಿ ಏನಾಗುತ್ತದೆ ಅನ್ನುವುದನ್ನು ಅದೇ ಹಾಳೆಯಲ್ಲಿ ಬರೆಯಿರಿ. ಯಾವ ಊರು ಅಂತ ಇನ್ನೂ ಯೋಚಿಸಬೇಡಿ. ಈ ಹಾಳೆ ತುಂಬಿದ ಮೇಲೆ ಅರ್ಧ ತೀರ್ಮಾನ ತಾನಾಗೇ ಕಾಣಿಸುತ್ತದೆ.

ಕ್ಲಾಸಿನ ಲೆಕ್ಕ

ಮಗು ಯಾವ ಕ್ಲಾಸು ಎಲ್ಲಿ ಓದಿತು ಅನ್ನುವುದರ ಮೇಲೆ ಮುಂದೆ ಕಾಲೇಜಿನ ಸೀಟು ನಿಂತಿರುತ್ತದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ 15 ಎಂಬಿಬಿಎಸ್ ಸೀಟು ಮಾತ್ರ ಅಖಿಲ ಭಾರತ ಕೋಟಾ. ಉಳಿದ 85 ಆಯಾ ರಾಜ್ಯದ ಮಕ್ಕಳಿಗೆ. ಎಂಜಿನಿಯರಿಂಗ್‌ನಲ್ಲೂ ಸರ್ಕಾರಿ ಶುಲ್ಕದ ಸೀಟು ಬೇಕೆಂದರೆ ರಾಜ್ಯದ ಅರ್ಹತೆ ಇರಬೇಕು. ಆದರೆ 'ಈ ರಾಜ್ಯದ ಮಗು' ಯಾರು ಅನ್ನುವುದಕ್ಕೆ ಒಂದೊಂದು ರಾಜ್ಯದ್ದು ಒಂದೊಂದು ಲೆಕ್ಕ.

ಕರ್ನಾಟಕದ ಮುಖ್ಯ ಷರತ್ತು ಹೀಗಿದೆ: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಇಲ್ಲಿ ಓದಿರಬೇಕು, ಜೊತೆಗೆ ಹತ್ತನೇ ತರಗತಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸಾಗಿರಬೇಕು. ಮಹಾರಾಷ್ಟ್ರ ತನ್ನ ವೈದ್ಯಕೀಯ ಸೀಟುಗಳಿಗೆ ಸಾಮಾನ್ಯವಾಗಿ 10 ಮತ್ತು 12 ಎರಡೂ ಅಲ್ಲೇ ಆಗಿರಬೇಕು ಅನ್ನುತ್ತದೆ, ಮೇಲೆ ಆ ರಾಜ್ಯದ ನಿವಾಸಿ ಅನ್ನುವ ಡೊಮಿಸೈಲ್ ಪ್ರಮಾಣಪತ್ರವನ್ನೂ ಕೇಳುತ್ತದೆ. ತೆಲಂಗಾಣದಲ್ಲಿ 12ನೇ ತರಗತಿಗೆ ಮುಗಿಯುವಂತೆ ಸತತ ನಾಲ್ಕು ವರ್ಷ ಅಲ್ಲಿ ಓದಿರಬೇಕು, ಅಂದರೆ ಒಂಬತ್ತನೇ ತರಗತಿಗೇ ಅಲ್ಲಿರಬೇಕು.

ಈಗ ಹಾಳೆ ನೋಡಿ. ಮಗಳು ನಾಲ್ಕನೇ ತರಗತಿ ಮುಗಿಸಿದ್ದಾಳೆ ಅಂದುಕೊಳ್ಳಿ. ಐದರಿಂದ ಒಂಬತ್ತು ಹೊರಗೆ ಓದಿ ಹತ್ತನೇ ತರಗತಿಗೆ ವಾಪಸ್ ಬಂದರೆ ನಾಲ್ಕು ಮತ್ತು ಮೂರು, ಏಳು. ಕರ್ನಾಟಕದ ಅರ್ಹತೆ ಉಳಿಯಿತು. ಏಳನೇ ತರಗತಿವರೆಗೆ ಇಲ್ಲೇ ಓದಿದ್ದರೆ ಇನ್ನೂ ಸಲೀಸು, ಪಿಯುಸಿಗೆ ವಾಪಸ್ ಬಂದರೂ ನಡೆಯುತ್ತದೆ. ಆದರೆ ಐದರವರೆಗೆ ಹುಬ್ಬಳ್ಳಿ, ಆರರಿಂದ ಹತ್ತು ಕೊಯಮತ್ತೂರು, ಕೊನೆಯ ಎರಡು ವರ್ಷ ಹೈದರಾಬಾದ್ ಅಂತಾದರೆ? ಏಳು ವರ್ಷದ ಲೆಕ್ಕದಲ್ಲಿ ಅವಳು ಕರ್ನಾಟಕದವಳಲ್ಲ, ನಾಲ್ಕು ವರ್ಷದ ಲೆಕ್ಕದಲ್ಲಿ ತೆಲಂಗಾಣದವಳೂ ಅಲ್ಲ. ಆಗ ಉಪಷರತ್ತುಗಳಲ್ಲಿ ದಾರಿ ಹುಡುಕಬೇಕು. ಕೇಂದ್ರ ಸರ್ಕಾರಿ ನೌಕರರ, ಸೈನಿಕರ ಮಕ್ಕಳಿಗೆ ಬೇರೆ ಷರತ್ತುಗಳಿವೆ. ಹೊರನಾಡ ಮತ್ತು ಗಡಿನಾಡ ಕನ್ನಡಿಗರಿಗೂ ಇವೆ, ಆದರೆ ಅವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ಇಡುತ್ತದೆ. ಮನೆಯಲ್ಲಿ ಅರಳು ಹುರಿದ ಹಾಗೆ ಕನ್ನಡ ಮಾತಾಡುವ ಮಕ್ಕಳೂ ಒತ್ತಕ್ಷರ ಬರೆಯುವಾಗ ತಡವರಿಸುವುದನ್ನು ಹೈದರಾಬಾದಿನಲ್ಲಿ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಎಲ್ಲಿಗೇ ಹೋಗಿ, ವಾರಕ್ಕೊಂದು ಪುಟ ಕನ್ನಡ ಬರೆಸಿ. ಅಜ್ಜಿಗೆ ಕಾಗದ ಬರೆದರೂ ಆಯಿತು.

ಈ ಷರತ್ತುಗಳು ಆಗಾಗ ತಿದ್ದುಪಡಿ ಆಗುತ್ತವೆ. ಆ ವರ್ಷದ ಪ್ರವೇಶದ ಮಾಹಿತಿ ಪುಸ್ತಕ ಏನು ಹೇಳುತ್ತದೋ ಅದೇ ಅಂತಿಮ. ಹೋಗುವ ರಾಜ್ಯದ್ದನ್ನೂ ನಮ್ಮದನ್ನೂ ಇಳಿಸಿಕೊಂಡು ಅರ್ಹತೆಯ ಪುಟವನ್ನು ನೀವೇ ಓದಿ. ಏಜೆಂಟರ ಮಾತು ಬೇಡ.

ಇನ್ನು ಶಾಲೆಯ ಭಾಷೆ. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ರಾಜ್ಯಭಾಷೆ ಕಲಿಕೆಯನ್ನು ಕಾನೂನು ಮಾಡಿ ಕಡ್ಡಾಯಗೊಳಿಸಿವೆ. ನಮ್ಮಲ್ಲೂ 2015ರ ಕಾಯ್ದೆ ಇದೆಯಲ್ಲ, ಹಾಗೆಯೇ. ಎರಡನೇ ತರಗತಿಯ ಮಗು ಆರು ತಿಂಗಳಲ್ಲಿ ಮರಾಠಿಯಲ್ಲಿ ಜಗಳವಾಡುತ್ತದೆ. ಒಂಬತ್ತನೇ ತರಗತಿಯ ಮಗುವಿಗೆ ಅದೇ ಭಾಷೆ ಬೋರ್ಡ್ ಪರೀಕ್ಷೆಯ ಭಯವಾಗುತ್ತದೆ. ಹೊರರಾಜ್ಯದಿಂದ ಬಂದ ಮಗುವಿಗೆ ವಿನಾಯಿತಿ ಇದೆಯಾ ಅಂತ ಶಾಲೆಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ, ಕೌಂಟರಿನ ಬಾಯಿಮಾತು ಸಾಲದು. ಕೇಂದ್ರೀಯ ವಿದ್ಯಾಲಯದಲ್ಲಿ ಸೀಟು ಸಿಗುವಂಥ ನೌಕರಿ ನಿಮ್ಮದಾಗಿದ್ದರೆ ಈ ತಲೆನೋವು ಬಹುಮಟ್ಟಿಗೆ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರ. ಮಕ್ಕಳು ಚಿಕ್ಕವರಿದ್ದರೆ ಧೈರ್ಯವಾಗಿ ಹೋಗಿ, ವಾಪಸ್ ಬರುವ ವರ್ಷವನ್ನು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಮಗು ಎಂಟು ಮುಗಿಸಿ ಒಂಬತ್ತಕ್ಕೆ ಕಾಲಿಡುತ್ತಿದ್ದರೆ, ನಾಲ್ಕು ವರ್ಷ ಒಂದೇ ರಾಜ್ಯದಲ್ಲಿ ಇರುತ್ತೇವೆ ಅನ್ನುವ ಖಾತ್ರಿ ಇದ್ದರೆ ಮಾತ್ರ ಹೊರಡಿ. ಮಗು ಹತ್ತರಲ್ಲೋ ದ್ವಿತೀಯ ಪಿಯುಸಿಯಲ್ಲೋ ಇದ್ದರೆ ಒಬ್ಬರು ಮುಂಚೆ ಹೋಗಲಿ, ಉಳಿದವರು ಪರೀಕ್ಷೆ ಮುಗಿಸಿಕೊಂಡು ಹೋಗಲಿ. ಎರಡು ಮನೆ ಬಾಡಿಗೆ ಭಾರವೇ, ಆದರೆ ಅದು ಹತ್ತು ತಿಂಗಳ ಭಾರ.

ಜಾತಿ ಪ್ರಮಾಣಪತ್ರ ಗಡಿ ದಾಟುವುದಿಲ್ಲ

ಇದನ್ನು ತಿಳಿಯದೆ ಹೋದವರು ಬಹಳ. ಪರಿಶಿಷ್ಟ ಜಾತಿ, ಪಂಗಡದ ಪಟ್ಟಿ ರಾಜ್ಯವಾರು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಹಾಗಂತ ವಿಜಯಪುರದ ಕುಟುಂಬ ಹೈದರಾಬಾದಿಗೆ ಹೋದ ಕೂಡಲೇ ಅಲ್ಲಿಯ ಪಂಗಡದ ಮೀಸಲಾತಿ ಸಿಗುವುದಿಲ್ಲ. ವಲಸೆ ಹೋದವರು ಹೊಸ ರಾಜ್ಯದ ಮೀಸಲಾತಿ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಕೇಂದ್ರದ ನೌಕರಿ, ಐಐಟಿಯಂಥ ಸಂಸ್ಥೆಗಳಿಗೆ ತವರು ರಾಜ್ಯದ ಪ್ರಮಾಣಪತ್ರ ನಡೆಯುತ್ತದೆ. ರಾಜ್ಯದ ಕಾಲೇಜು ಮತ್ತು ನೌಕರಿಯ ಆಸೆ ಇಟ್ಟುಕೊಂಡ ಮನೆಗಳು ಇದನ್ನು ಸಂಬಳಕ್ಕಿಂತ ಮೊದಲು ತೂಗಬೇಕು. ಕಲ್ಯಾಣ ಕರ್ನಾಟಕದವರೂ ಅಷ್ಟೇ. ಸಂವಿಧಾನದ 371ಜೆ ವಿಧಿಯ ಅಡಿ ಆ ಭಾಗದವರಿಗೆ ಅಲ್ಲಿಯ ಕಾಲೇಜುಗಳಲ್ಲಿ 70 ಶೇಕಡ, ಉಳಿದ ಕಡೆ 8 ಶೇಕಡ ಸೀಟು ಮೀಸಲಿದೆ. ಊರು ಬಿಡುವ ಮೊದಲು ಮಕ್ಕಳ ಹೆಸರಿನಲ್ಲಿ 371ಜೆ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.

ಯಾವ ಊರು

ಇಲ್ಲಿಂದ ಮುಂದೆ ಭೂಪಟ ಬಿಡಿಸಿ. 'ಬೇರೆ ರಾಜ್ಯ' ಅಂದ ಕೂಡಲೇ ದೂರ ಅನ್ನಿಸುತ್ತದೆ, ಆದರೆ ಬೆಳಗಾವಿಯಿಂದ ಪುಣೆ ಸುಮಾರು 340 ಕಿಲೋಮೀಟರ್, ಬೆಂಗಳೂರು 500ರ ಆಸುಪಾಸು. ಬೀದರ್‌ನವರಿಗೆ ಹೈದರಾಬಾದ್ 150ರ ಒಳಗೆ, ಬೆಂಗಳೂರು ಸುಮಾರು 700. ತಂದೆತಾಯಿ ಊರಲ್ಲೇ ಉಳಿಯುವವರಾದರೆ ನಾನು ಕೇಳುವ ಪ್ರಶ್ನೆ ಒಂದೇ: ರಾತ್ರಿ ಹತ್ತಕ್ಕೆ ಫೋನ್ ಬಂದರೆ ಬೆಳಗಿನೊಳಗೆ ಆಸ್ಪತ್ರೆಯಲ್ಲಿ ಇರುತ್ತೀರಾ? ದೂರ ಅಲ್ಲ, ದಾರಿ ನೋಡಿ. ಚಾಮರಾಜನಗರದಿಂದ ಕೊಯಮತ್ತೂರು ಹತ್ತಿರವೇ, ಆದರೆ ದಾರಿಯಲ್ಲಿ ಸಿಗುವ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ವಂದೇ ಭಾರತ್ ಇದೆ ಅಂತ ಖುಷಿಪಡುವವರು ಅದು ವಾರದಲ್ಲಿ ಯಾವ ಯಾವ ದಿನ ಓಡುತ್ತದೆ ಅಂತಲೂ ನೋಡಲಿ.

ಹಿರಿಯರು ಜೊತೆಗೆ ಬರುವವರಾದರೆ ಅವರ ಕಾಲಂ ನೋಡಿ ಊರು ಆರಿಸಿ. ಸೊಲ್ಲಾಪುರದಲ್ಲಿ ನಮ್ಮ ಅತ್ತೆಯವರಿಗೆ ಯಾವ ತೊಂದರೆಯೂ ಆಗಲಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವವಳೇ ಕನ್ನಡದವಳು, ಅಕ್ಕಲಕೋಟೆ ಕಡೆಯಿಂದ ಬರುತ್ತಿದ್ದಳು. ಅವಳ ಹತ್ತಿರ ಚೌಕಾಸಿ ಮಾಡುತ್ತ ಅರ್ಧ ಗಂಟೆ ಕೂತು ಬರುತ್ತಿದ್ದರು. ಕೊಯಮತ್ತೂರಿಗೆ ಹೋದ ಮೇಲೆ ಸಂಜೆಯಾದರೆ ಬಾಲ್ಕನಿಯಲ್ಲಿ ನಿಂತಿರುವರು. "ಯವ್ವಾ, ಇಲ್ಲೆ ಎಲ್ಲಾ ಛಲೋನ ಐತಿ, ಮಾತಾಡಾಕ ಯಾರದಾರ?" ಅಂದರು. ಆಮೇಲಿನ ಊರಲ್ಲಿ ಮನೆ ಹುಡುಕುವಾಗ ಕನ್ನಡದವರು ಎಲ್ಲಿದ್ದಾರೆ ಅಂತ ಮೊದಲು ವಿಚಾರಿಸಿದೆ. ಹೈದರಾಬಾದಿನ ಕಾಚಿಗುಡದಲ್ಲಿ ಕನ್ನಡಿಗರ ನೃಪತುಂಗ ಶಾಲೆ ಇದೆ, ಮುಂಬೈನ ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ದೆಹಲಿಯ ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆ ಇದೆ. ಇಂಥ ಜಾಗಗಳ ಸುತ್ತ ಗುರುತಿನವರು ಸಿಗುತ್ತಾರೆ. ವಯಸ್ಸಾದವರಿಗೆ ಅದು ಔಷಧಿಯಷ್ಟೇ ಮುಖ್ಯ.

ಒಪ್ಪಿಕೊಳ್ಳುವ ಮೊದಲು ಊರನ್ನು ಒಮ್ಮೆ ನೋಡಿಬನ್ನಿ, ಅದೂ ಅದರ ಕೆಟ್ಟ ಕಾಲದಲ್ಲಿ. ನಾಗಪುರವಾದರೆ ಮೇ ತಿಂಗಳು, ಮುಂಬೈಯಾದರೆ ಜುಲೈ, ಚೆನ್ನೈಯಾದರೆ ನವೆಂಬರ್ ಮಳೆ. ದೆಹಲಿಗೂ ನವೆಂಬರ್, ಮನೆಯಲ್ಲಿ ಉಬ್ಬಸದವರಿದ್ದರಂತೂ ಆ ಹೊಗೆ ನೋಡದೆ ಒಪ್ಪಲೇಬೇಡಿ.

ಬಾಡಿಗೆ ಮನೆ ನೋಡಲು ಮಧ್ಯಾಹ್ನ ಹೋಗಿ. ಪುಣೆಯಲ್ಲಿ ಒಂದು ಮನೆ ನನಗೆ ಬಾಗಿಲಲ್ಲೇ ಇಷ್ಟವಾಗಿತ್ತು, ಗಾಳಿ ಬೆಳಕು ಚೆನ್ನಾಗಿತ್ತು. ಅಡುಗೆಮನೆಯ ನಲ್ಲಿ ತಿರುಗಿಸಿದೆ, ಬುಸ್ ಅಂತ ಗಾಳಿ ಬಂತು. ಬಚ್ಚಲಮನೆಯಲ್ಲಿ ಎರಡು ನೀಲಿ ಡ್ರಮ್ಮು, ಒಂದರ ಮೇಲೆ ಚೊಂಬು. ಕೆಳಗೆ ಬಂದು ವಾಚ್‌ಮನ್‌ನ ಕೇಳಿದರೆ, ಬೆಳಿಗ್ಗೆ ಒಂದು ಗಂಟೆ ನೀರು, ಬೇಸಿಗೆಯಲ್ಲಿ ಟ್ಯಾಂಕರು, ಅದರ ದುಡ್ಡು ಬೇರೆ. ದಲ್ಲಾಳಿ ಇದನ್ನು ಹೇಳಿರಲಿಲ್ಲ. ನಲ್ಲಿ ತಿರುಗಿಸಿ, ಡ್ರಮ್ಮು ಇದೆಯಾ ನೋಡಿ, ವಾಚ್‌ಮನ್ ಹತ್ತಿರ ಮಾತಾಡಿ. ಆಮೇಲೆ ಬೆಳಿಗ್ಗೆ ಎಂಟೂವರೆಗೆ ಆ ಮನೆಯಿಂದ ಆಫೀಸಿಗೆ ಒಂದು ಸಲ ಹೋಗಿನೋಡಿ.

ದುಡ್ಡು, ಗಾಡಿ, ಕಾಗದ

ಸಂಬಳದ ಲೆಕ್ಕ ಕೊನೆಗೆ ಬರಲಿ. ಸಂಬಳಕ್ಕೆ ಸಂಬಳ ಹೋಲಿಸಬೇಡಿ, ತಿಂಗಳ ಕೊನೆಗೆ ಉಳಿಯುವುದಕ್ಕೆ ಉಳಿಯುವುದನ್ನು ಹೋಲಿಸಿ. ಬಾಡಿಗೆ, ಶಾಲೆ ಶುಲ್ಕ, ಊರಿಗೆ ಹೋಗಿಬರುವ ಖರ್ಚು, ಊರಲ್ಲಿ ಉಳಿದವರಿಗೆ ಕಳಿಸುವುದು, ಇವೆಲ್ಲ ಕಳೆಯಿರಿ. ವೃತ್ತಿ ತೆರಿಗೆ ಅಲ್ಲಿ ಇಲ್ಲ ಇಲ್ಲಿ ಇದೆ ಅನ್ನುವ ಮಾತಿಗೆ ತಲೆಕೆಡಿಸಿಕೊಳ್ಳಬೇಡಿ, ಸಂವಿಧಾನದ ಪ್ರಕಾರವೇ ಅದು ವರ್ಷಕ್ಕೆ 2,500 ರೂಪಾಯಿ ದಾಟುವಂತಿಲ್ಲ. ಮನೆಯ ಹೆಂಗಸರಿಗೆ ಗೃಹಲಕ್ಷ್ಮಿ, ಶಕ್ತಿ ಬಸ್ಸು ಇವೆಲ್ಲ ಲೆಕ್ಕದಲ್ಲಿದ್ದರೆ, ಅವು ಇಲ್ಲಿಯ ಯೋಜನೆಗಳು. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರನ್ನು ನೋಂದಣಿ ಮಾಡಿಸುವುದು ಕಾನೂನು, ಮಾಲೀಕರು ಬೇಡವೆಂದರೂ ಬಿಡಬೇಡಿ.

ಗಾಡಿ ಮಾತ್ರ ನಿಜವಾದ ಖರ್ಚು. ಹೊಸ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಓಡಿಸುವುದಾದರೆ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಇಲ್ಲಿಯ ಆರ್‌ಟಿಒದಿಂದ 28ನೇ ನಮೂನೆಯಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ, ಅಲ್ಲಿ ಹೊಸದಾಗಿ ತೆರಿಗೆ, ಆಮೇಲೆ ಇಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಭಾಗಕ್ಕೆ ಮರುಪಾವತಿ ಅರ್ಜಿ. ಹಳೆಯ ಗಾಡಿಯಾದರೆ ಇಲ್ಲೇ ಮಾರಿ ಹೋಗುವುದು ಲೇಸು. ಹೊಸದು ಕೊಳ್ಳುವವರು, ಸರ್ಕಾರಿ ನೌಕರರಾಗಿದ್ದರೆ ಅಥವಾ ಕಂಪನಿಗೆ ನಾಲ್ಕು ಇಲ್ಲವೇ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇದ್ದರೆ, 2021ರಲ್ಲಿ ಬಂದ, ರಾಜ್ಯ ಬದಲಾದರೂ ಮರುನೋಂದಣಿ ಬೇಡದ ಬಿಎಚ್ ಸರಣಿಯ ನೋಂದಣಿ ವಿಚಾರಿಸಿ. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು. ಚಾಲನಾ ಪರವಾನಗಿ ದೇಶದ ಎಲ್ಲ ಕಡೆ ನಡೆಯುತ್ತದೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು 8ನೇ ನಮೂನೆ. ಪಡಿತರಕ್ಕೆ, ಯಾವ ರಾಜ್ಯದಲ್ಲಿದ್ದರೂ ಪಡೆಯುವ 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆ ಇದೆ.

ಊರು ಬಿಡುವ ವಾರ ಎಲ್ಲರೂ ಪಾತ್ರೆ ಕಟ್ಟುವುದರಲ್ಲೇ ಇರುತ್ತಾರೆ. ಅದಕ್ಕೂ ತಿಂಗಳ ಮುಂಚೆ ಶಾಲೆಗೆ ಹೋಗಿ. ಬೇರೆ ರಾಜ್ಯದ ಶಾಲೆಗಳು ಟಿ.ಸಿ. ಮೇಲೆ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುವುದುಂಟು, ಅದನ್ನು ಇಲ್ಲಿಯ ಬಿಇಒ ಕಚೇರಿಯಲ್ಲೇ ಮಾಡಿಸಿಕೊಳ್ಳಬೇಕು. ಅದೇ ಭೇಟಿಯಲ್ಲಿ ಮಗು ಇಲ್ಲಿ ಓದಿದ ಅಷ್ಟೂ ವರ್ಷದ ವ್ಯಾಸಂಗ ಪ್ರಮಾಣಪತ್ರ ತೆಗೆದುಕೊಳ್ಳಿ, ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ಎಸ್‌ಎಟಿಎಸ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಹೆಸರು ಮತ್ತು ಹುಟ್ಟಿದ ದಿನಾಂಕ ಆಧಾರ್‌ಗೆ ಹೊಂದುತ್ತದಾ ಅಂತ ಕೌಂಟರಿನಲ್ಲೇ ನಿಂತು ಓದಿ. ಒಂದು ಅಕ್ಷರ ತಪ್ಪಿದ್ದರೂ ಆಗಲೇ ತಿದ್ದಿಸಿಕೊಳ್ಳಿ. ಹೊರಗಿಂದ ಅದೊಂದಕ್ಕಾಗಿ ರಜೆ ಹಾಕಿ ಬರುವುದು ಕಷ್ಟ.